ಉತ್ತರಾಣಿ, ನೆಗ್ಗಿಲು ಮತ್ತು ನಮ್ಮ ಬೆಳ್ಳಿಯ ಕೂದಲು: ದಾರಿ ತೋರಿಸಿ

ಬೆಳ್ಳಿಯ ಮನೆಯವಳು, ಮೈಸೂರು

ನಮ್ಮ ಮನೆ ಊರ ಹೊರಗಿನ ಹೊಸ ಬಡಾವಣೆಯಲ್ಲಿದೆ. ಮುಂದೆ ಒಂದಿಷ್ಟು ಹುಲ್ಲುಹಾಸು, ಪಕ್ಕದಲ್ಲಿ ಎರಡು ಖಾಲಿ ನಿವೇಶನ. ಬೆಳ್ಳಿ ನಾಲ್ಕು ವರ್ಷದ ಬಿಳಿ ಸ್ಪಿಟ್ಜ್ ನಾಯಿ. ಮಳೆಗಾಲ ಮುಗಿಯುತ್ತಿದ್ದಂತೆ ಅವಳು ಹೊರಗೆ ಹೋಗಿ ಬಂದಾಗಲೆಲ್ಲ ಮೈತುಂಬ ಮುಳ್ಳುಬೀಜ. ತೊಡೆಯ ಹಿಂಭಾಗದ ಉದ್ದ ಕೂದಲಿಗೆ ಉತ್ತರಾಣಿ, ಅಂಗಾಲಿಗೆ ನೆಗ್ಗಿಲು ಮುಳ್ಳು. ಇವೆರಡನ್ನು ಗುರುತಿಸಬಲ್ಲೆ. ಮೂರನೆಯದು ಹುಲ್ಲುಹಾಸಿನೊಳಗೇ ಹಬ್ಬಿರುವ ಗಿಡ್ಡ ಹುಲ್ಲು. ಕಂದುಗೆಂಪು ತೆನೆ ಎತ್ತುತ್ತದೆ, ನಡೆದು ಹೋದರೆ ಸೀರೆಯಂಚಿಗೆ ಸಾಲು ಸೂಜಿಯಂತೆ ಚುಚ್ಚಿಕೊಳ್ಳುತ್ತದೆ.

ಕಳೆದ ಭಾನುವಾರ ಸ್ನಾನ ಮಾಡಿಸಿದರೆ ಬೀಜಗಳೆಲ್ಲ ತೊಳೆದು ಹೋಗುತ್ತವೆ ಎಂದುಕೊಂಡೆ. ಆದದ್ದು ತದ್ವಿರುದ್ಧ. ಕಿವಿಯ ಹಿಂದೆ, ಕಂಕುಳಲ್ಲಿ ಕೂದಲು ಬೀಜದ ಸುತ್ತ ಕಂಬಳಿಯಂತೆ ಗಟ್ಟಿಯಾಯಿತು. ಎರಡು ಸಂಜೆ ಕುಳಿತು ಬಿಡಿಸಿದೆವು. ಯಾರಿಗೂ ಹಲ್ಲು ತೋರಿಸದ ನಾಯಿ ನನ್ನ ಮಗಳ ಮೇಲೆ ಗುರುಗುಟ್ಟಿತು. ಅದಕ್ಕೆ ಅಷ್ಟು ನೋವಾಗಿತ್ತು ಎಂಬುದು ಈಗಲೂ ಮನಸ್ಸನ್ನು ಕೊರೆಯುತ್ತಿದೆ.

ಉತ್ತರಾಣಿಯನ್ನು ಮೊದಲೇ ಕೀಳೋಣವೆಂದರೆ ನಮ್ಮ ಅತ್ತೆ ಒಪ್ಪಲಿಲ್ಲ. ಚೌತಿಯ ದಿನ ಗಣಪತಿಗೆ ಇಪ್ಪತ್ತೊಂದು ಪತ್ರೆಗಳಲ್ಲಿ ಅದೂ ಬೇಕು. ಹಬ್ಬ ಮುಗಿಯುವ ಹೊತ್ತಿಗೆ ತೆನೆ ಬಲಿಯತೊಡಗಿತ್ತು.

ಬೀಜ ಬಿಡಿಸುವ ಸರಿಯಾದ ಕ್ರಮ ಯಾವುದು? ಕಳೆನಾಶಕ ಹೊಡೆಸಬಹುದೇ? ಇನ್ನೊಂದು ವಿಷಯ: ನಾಲ್ಕು ದಿನಗಳಿಂದ ಬೆಳ್ಳಿ ಮುಂಗಾಲಿನ ಒಂದು ಪಾದವನ್ನು ನೆಕ್ಕುತ್ತಲೇ ಇದ್ದಾಳೆ. ನೋಡಿದರೆ ಮುಳ್ಳು ಕಾಣುವುದಿಲ್ಲ.

ನಿವೃತ್ತ ಪಶುವೈದ್ಯ, ಹಾಸನ

ಮೇಡಂ, ಉಳಿದೆಲ್ಲ ಪ್ರಶ್ನೆ ಆಮೇಲೆ. ಪಾದವನ್ನು ನಾಳೆ ಬೆಳಿಗ್ಗೆಯೇ ವೈದ್ಯರಿಗೆ ತೋರಿಸಿ.

ನೀವು ಹೇಳಿದ ಮೂರನೆಯ ಹುಲ್ಲಿನ ಬೀಜದ ತುದಿ ಸೂಜಿಯಂತಿರುತ್ತದೆ. ಅದರ ಮೇಲಿನ ಸಣ್ಣ ರೋಮಗಳು ಹಿಂದಕ್ಕೆ ಬಾಗಿರುತ್ತವೆ. ಹಾಗಾಗಿ ಬೀಜ ಮುಂದಕ್ಕೆ ಮಾತ್ರ ಚಲಿಸುತ್ತದೆ, ನಾಯಿ ಹೆಜ್ಜೆ ಇಟ್ಟಂತೆಲ್ಲ ಇನ್ನಷ್ಟು ಒಳಗೆ ಹೋಗುತ್ತದೆ. ಬೆರಳುಗಳ ಸಂದಿನ ತೆಳು ಚರ್ಮವೇ ಅದಕ್ಕೆ ಸುಲಭದ ಬಾಗಿಲು. ಕೂದಲು ಸರಿಸಿ ದೀಪದ ಬೆಳಕಿನಲ್ಲಿ ನೋಡಿ. ಬಟಾಣಿಯಷ್ಟು ಊತ, ನಡುವೆ ಒದ್ದೆಯಾದ ಸಣ್ಣ ರಂಧ್ರ ಕಂಡರೆ ಒಳಗೆ ಬೀಜ ಇರುವ ಸಾಧ್ಯತೆ ಹೆಚ್ಚು. ಅದನ್ನು ಹಿಸುಕಬೇಡಿ, ಚಿಮಟದಿಂದ ಕೆದಕಬೇಡಿ, ಅರಿಸಿನ ಮೆತ್ತಬೇಡಿ. ಎಕ್ಸ್‌ರೇ ತೆಗೆಸಿದರೂ ಹುಲ್ಲಿನ ಬೀಜ ಸಾಮಾನ್ಯವಾಗಿ ಕಾಣುವುದಿಲ್ಲ. ವೈದ್ಯರು ಗಾಯದ ದಾರಿ ಹಿಡಿದೇ ಹುಡುಕಬೇಕಾಗುತ್ತದೆ.

ನಾಯಿ ಇದ್ದಕ್ಕಿದ್ದಂತೆ ತಲೆ ಕೊಡವುತ್ತ ಒಂದೇ ಕಡೆಗೆ ವಾಲಿಸಿದರೆ ಕಿವಿಯಲ್ಲಿ, ಬಿಡದೆ ಸೀನಿ ಒಂದೇ ಹೊಳ್ಳೆಯಿಂದ ರಕ್ತ ಬಂದರೆ ಮೂಗಿನಲ್ಲಿ, ಒಂದು ಕಣ್ಣು ಮುಚ್ಚಿಕೊಂಡೇ ಇದ್ದರೆ ರೆಪ್ಪೆಯ ಅಡಿಯಲ್ಲಿ ಬೀಜ ಸೇರಿದೆಯೇ ಎಂದು ಅನುಮಾನಿಸಬೇಕು. ಇವುಗಳಲ್ಲಿ ಯಾವುದಕ್ಕೂ ಮನೆಮದ್ದು ಮಾಡಿ ಕಾಯುತ್ತ ಕೂರಬಾರದು. ಒಂದು ವಾರ ಕಾದು ಕಿವಿ ಕೀವುಗಟ್ಟಿದ ಮೇಲೆ ಕರೆತಂದ ನಾಯಿಗಳನ್ನು ನಾನು ಪ್ರತಿ ಚಳಿಗಾಲ ನೋಡಿದ್ದೇನೆ.

ಕಾಫಿ ತೋಟದಿಂದ, ಕೊಡಗು

ನಮ್ಮದು ಕಾಕರ್ ಸ್ಪೇನಿಯಲ್. ನೆಲ ಗುಡಿಸುವಂಥ ಕಿವಿಗಳು. ತೋಟ ಸುತ್ತಿ ಬಂದ ಮೇಲೆ ದಿನವೂ ಅರ್ಧ ಗಂಟೆ ಇದೇ ನನ್ನ ಕೆಲಸ.

ನೀರು ಯಾವಾಗಲೂ ಕೊನೆಗೆ. ಮೊದಲು ಒಣಗಿದ ಕೂದಲಿನಲ್ಲೇ ಬೀಜ ತೆಗೆಯಬೇಕು. ಎರಡು ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಗಂಟಿಗೆ ಸವರಿ ಐದು ನಿಮಿಷ ಬಿಡಿ. ಆಮೇಲೆ ಕೂದಲಿನ ಬುಡವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿಯಿರಿ. ಎಳೆತ ನಿಮ್ಮ ಕೈಗೆ ಬೀಳಬೇಕು, ಚರ್ಮಕ್ಕೆ ಬೀಳಬಾರದು. ಬೆಳ್ಳಿ ಗುರುಗುಟ್ಟಿದ್ದು ಈ ಒಂದು ಕಾರಣಕ್ಕೇ ಇರಬೇಕು, ಪಾಪ. ಗಂಟನ್ನು ಬೆರಳಲ್ಲೇ ಎರಡಾಗಿ, ನಾಲ್ಕಾಗಿ ಸೀಳುತ್ತ ಹೋಗಿ. ಅಗಲ ಹಲ್ಲಿನ ಬಾಚಣಿಗೆಯನ್ನು ತುದಿಯಿಂದ ಶುರು ಮಾಡಿ ಬುಡದ ಕಡೆಗೆ ಸ್ವಲ್ಪ ಸ್ವಲ್ಪವೇ ತನ್ನಿ. ಕೊನೆಯಲ್ಲಿ ಹೇನಿನ ಬಾಚಣಿಗೆ.

ಬಿಡಿಸಲಾಗದ ಗಂಟನ್ನು ಕತ್ತರಿಸಲೇಬೇಕಾದರೆ ಗಂಟಿಗೂ ಚರ್ಮಕ್ಕೂ ನಡುವೆ ಬಾಚಣಿಗೆ ತೂರಿಸಿ, ಅದರ ಮೇಲ್ಗಡೆಯೇ ಕತ್ತರಿ ಆಡಿಸಿ. ಕಂಕುಳಿನ ಚರ್ಮ ಕಾಗದದಷ್ಟು ತೆಳು, ಗಂಟಿನ ಜೊತೆ ಮೇಲೆದ್ದು ಬರುತ್ತದೆ. ಸ್ಪಿಟ್ಜ್ ನಾಯಿಯ ಮೈಯನ್ನು ಪೂರ್ತಿ ಬೋಳಿಸುವ ಯೋಚನೆ ಮಾತ್ರ ಬೇಡ. ಅದರ ಎರಡು ಪದರದ ಕೂದಲು ಮತ್ತೆ ಸರಿಯಾಗಿ ಬರದೆ ಹೋಗಬಹುದು. ಪಾದದ ಸಂದು, ಹೊಟ್ಟೆಯ ಅಡಿ, ತೊಡೆಯ ಹಿಂದಿನ ಕುಚ್ಚು, ಇಷ್ಟನ್ನು ಬೀಜದ ಕಾಲದಲ್ಲಿ ಚಿಕ್ಕದಾಗಿ ಕತ್ತರಿಸಿದರೆ ಸಾಕು.

ತೆಂಗಿನ ತೋಟದವನು, ಅರಸೀಕೆರೆ

ತಾಯಿ, ಕಳೆನಾಶಕದ ಮಾತಿಗೆ ಉತ್ತರ ಹೇಳುತ್ತೇನೆ. 2,4-ಡಿ ಅಗಲ ಎಲೆಯ ಕಳೆಗೆ ಕೆಲಸ ಮಾಡುತ್ತದೆ, ಹುಲ್ಲಿನ ಜಾತಿಗೆ ಅಲ್ಲ. ನಿಮಗೆ ಹೆಚ್ಚು ಕಾಟ ಕೊಡುತ್ತಿರುವುದೇ ಹುಲ್ಲು. ಗ್ಲೈಫೋಸೇಟ್ ಹೊಡೆದರೆ ಆ ಹುಲ್ಲಿನ ಜೊತೆ ಗರಿಕೆಯೂ ಸುಟ್ಟು ಹೋಗುತ್ತದೆ. ಅದನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕವೇ ಬಳಸಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆಯನ್ನೂ ಹೊರಡಿಸಿದೆ. ಪಾದ ನೆಕ್ಕುವ ನಾಯಿ ಇರುವ ಅಂಗಳಕ್ಕೆ ಇದು ಬೇಡವೇ ಬೇಡ. ಉಪ್ಪು ಸುರಿಯಲು ಹೇಳುವವರೂ ಇದ್ದಾರೆ. ಆ ಜಾಗದಲ್ಲಿ ಆಮೇಲೆ ಏನನ್ನೂ ಬೆಳೆಯಲಾಗದು.

ನೆಗ್ಗಿಲಿಗೆ ಒಂದೇ ತಾಯಿಬೇರು. ಹಳದಿ ಹೂವು ಕಂಡ ದಿನವೇ, ನೆಲ ಹಸಿಯಿರುವಾಗ, ಬುಡ ಹಿಡಿದು ಎಳೆದರೆ ನೆಲಕ್ಕೆ ಚಕ್ರದಂತೆ ಹರಡಿದ ಇಡೀ ಬಳ್ಳಿ ಎದ್ದು ಬರುತ್ತದೆ. ಕಾಯಿ ಬಲಿತರೆ ಐದು ಹೋಳಾಗಿ ಒಡೆಯುತ್ತದೆ, ಒಂದೊಂದು ಹೋಳಿಗೂ ಮುಳ್ಳು. ಈಗಾಗಲೇ ಉದುರಿದ್ದರೆ ಹಳೆಯ ಗೋಣಿಚೀಲವನ್ನು ಒದ್ದೆ ಮಾಡಿ, ಮೇಲೆ ಒಂದು ಇಟ್ಟಿಗೆ ಇಟ್ಟು, ಅಂಗಳದ ಉದ್ದಕ್ಕೂ ಎಳೆಯಿರಿ. ಮುಳ್ಳು ಚೀಲಕ್ಕೆ ಕಚ್ಚಿಕೊಂಡು ಬರುತ್ತದೆ. ಅದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಹಾಗಾಗಿ ಒಂದು ವರ್ಷಕ್ಕೆ ಮುಗಿಯುವ ಕೆಲಸ ಇದಲ್ಲ. ನನ್ನ ಕಣದಲ್ಲಿ ನಾಲ್ಕನೆಯ ವರ್ಷ ಬರಿಗಾಲಲ್ಲಿ ನಡೆದೆ.

ಇನ್ನು ನಿಮ್ಮ ಮೂರನೆಯದು, ಆ ಸೂಜಿ ಹುಲ್ಲು. ಅದು ಬರುವುದೇ ತುಳಿದು ಗಟ್ಟಿಯಾದ, ಸಾರವಿಲ್ಲದ ನೆಲದಲ್ಲಿ. ತೆನೆ ಕಣ್ಣಿಗೆ ಬಿದ್ದ ವಾರದಲ್ಲೇ ಕತ್ತರಿಸಿ, ಕತ್ತರಿಸಿದ್ದನ್ನು ಅಲ್ಲೇ ಬಿಡದೆ ಗೋರಿ ತೆಗೆಯಿರಿ. ಆಮೇಲೆ ಒಂದೊಂದೇ ತೇಪೆ ಅಗೆದು ತೆಗೆದು, ಮಣ್ಣು ಸಡಿಲಿಸಿ, ಕೊಟ್ಟಿಗೆ ಗೊಬ್ಬರ ಕೊಟ್ಟು ಗರಿಕೆ ನೆಡಿ. ಗರಿಕೆ ದಟ್ಟವಾದರೆ ಇದಕ್ಕೆ ಜಾಗವೇ ಸಿಗದು.

ನಿಮ್ಮ ಅತ್ತೆಯವರು ಹೇಳಿದ್ದು ಸರಿ. ಪತ್ರೆ ಬೇಕು, ಆದರೆ ಪೂಜೆಗೆ ಬೇಕಾದದ್ದು ಎಲೆ. ಒಂದು ಗಿಡವನ್ನು ಕುಂಡದಲ್ಲಿ ಬೆಳೆಸಿ, ತೆನೆ ಬಂದಾಗ ಚಿವುಟಿ ಹಾಕಿ. ಉಳಿದದ್ದನ್ನು ಆಷಾಢದಲ್ಲೇ, ಬೇರು ಎಳೆಯದಾಗಿರುವಾಗಲೇ ಕಿತ್ತುಬಿಡಿ.

ಬೆಳ್ಳಿಯ ಮನೆಯವಳು, ಮೈಸೂರು

ಡಾಕ್ಟರೇ, ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಬೆರಳ ಸಂದಿನಲ್ಲಿ ನೀವು ಹೇಳಿದಂತೆಯೇ ರಂಧ್ರವಿತ್ತು. ಇಲ್ಲಿನ ವೈದ್ಯರು ಮಂಪರು ಕೊಟ್ಟು ಬೀಜವನ್ನು ಹೊರತೆಗೆದರು. ಅಕ್ಕಿಕಾಳಿನಷ್ಟೂ ದಪ್ಪವಿಲ್ಲ. ಐದು ದಿನ ಮಾತ್ರೆ ಕೊಟ್ಟಿದ್ದಾರೆ. ಇಂದು ಅವಳು ನಾಲ್ಕೂ ಕಾಲೂರಿ ಮೆಟ್ಟಿಲು ಇಳಿದಳು.

ಕೊಡಗಿನ ಅಕ್ಕ, ಬುಡ ಹಿಡಿದು ಬಿಡಿಸುವುದನ್ನು ಮಗಳಿಗೆ ಕಲಿಸಿದೆ. ಕಿವಿಯ ಹಿಂದಿನ ಗಂಟು ಬಿಡಿಸುವಾಗ ಬೆಳ್ಳಿ ಅವಳ ತೊಡೆಯ ಮೇಲೆ ನಿದ್ದೆ ಹೋದಳು.

ಗೋಣಿಚೀಲ ಎರಡು ಸುತ್ತು ಎಳೆದೆವು. ತಿರುಗಿಸಿ ನೋಡಿದಾಗ ಅತ್ತೆಯೇ ಬೆರಗಾಗಿ, ಕುಂಡಕ್ಕೆ ಒಪ್ಪಿಕೊಂಡರು. ಪಕ್ಕದ ನಿವೇಶನದ ಮಾಲೀಕರಿಗೂ ಕರೆ ಮಾಡಿದ್ದೇನೆ, ತೆನೆ ಉದುರುವ ಮೊದಲು ಕೊಯ್ಯಿಸಲು ಅನುಮತಿ ಕೊಟ್ಟಿದ್ದಾರೆ. ಅರಸೀಕೆರೆಯವರೇ, ಗರಿಕೆಯನ್ನು ಈಗಲೇ ನೆಡಬಹುದೇ, ಮುಂದಿನ ಮಳೆಗೆ ಕಾಯಬೇಕೇ?

ತೆಂಗಿನ ತೋಟದವನು, ಅರಸೀಕೆರೆ

ನೀರು ಕೊಡಲಾಗುವುದಾದರೆ ಈಗಲೇ ನೆಡಿ, ತಾಯಿ. ಗೆಣ್ಣಿರುವ ತುಂಡುಗಳನ್ನು ಗೇಣಿಗೊಂದರಂತೆ ಊರಿ. ಬೇರು ಹಿಡಿಯುವವರೆಗೆ ಬೆಳ್ಳಿಯನ್ನು ಆ ತೇಪೆಯ ಮೇಲೆ ಬಿಡಬೇಡಿ.