ಸಹಾಯ ಬೇಕು: ಅಂಗೈ ರಕ್ತನಾಳ ಓದುವ ಸ್ಕ್ಯಾನರ್ ಬಳಸಿದವರು ಇದ್ದೀರಾ?

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಮೆಷಿನ್ ಶಾಪ್. ಈಗ ಬೆರಳಚ್ಚು ಹಾಜರಾತಿ ಇದೆ, ಆದರೆ ಲೇತ್‌ನಲ್ಲಿ ದುಡಿಯುವವರ ಬೆರಳು ಸವೆದು, ಕೂಲಂಟ್ ಎಣ್ಣೆ ಅಂಟಿಕೊಂಡು, ಎಷ್ಟು ಸಲ ಪ್ಯಾಂಟಿಗೆ ಒರೆಸಿ ಒತ್ತಿದರೂ ಕೆಂಪು ದೀಪವೇ ಹತ್ತುತ್ತದೆ. ಕೆಲಸಕ್ಕೆ ಬಂದವರಿಗೂ ಗೈರುಹಾಜರಿ ಬಿದ್ದರೆ ಅನ್ಯಾಯ ಅಲ್ವಾ?

ಅದಕ್ಕೇ ಫುಜಿತ್ಸು ಕಂಪನಿಯ ಪಾಮ್‌ಸೆಕ್ಯೂರ್ ಥರದ ಅಂಗೈ ಸ್ಕ್ಯಾನರ್ ನೋಡುತ್ತಿದ್ದೇವೆ. ಇನ್‌ಫ್ರಾರೆಡ್ ಬೆಳಕನ್ನು ರಕ್ತನಾಳದ ಹಿಮೋಗ್ಲೋಬಿನ್ ಹೀರಿಕೊಳ್ಳುತ್ತದೆ, ಹಾಗಾಗಿ ನಾಳಗಳು ಕಪ್ಪು ಗೆರೆಗಳಾಗಿ ಕಾಣುತ್ತವೆ; ಆ ಗೆರೆಗಳೇ ಗುರುತು. ಗುರುತು ಚರ್ಮದ ಒಳಗಿರುವುದರಿಂದ ಬೆರಳು ಸವೆದರೂ ಚಿಂತೆಯಿಲ್ಲ.

ಬೆಂಗಳೂರಲ್ಲಿ ಯಾರಾದರೂ ಹಾಕಿಸಿದ್ದೀರಾ? ಎಣ್ಣೆ ಕೈಯನ್ನು, ಬಿಸಿಲು ಬೀಳುವ ಗೇಟಿನಲ್ಲಿ, ಸರಿಯಾಗಿ ಓದುತ್ತದಾ? ಡೇಟಾ ನಮ್ಮ ಮೆಷಿನ್‌ನಲ್ಲೇ ಉಳಿಯುತ್ತದಾ ಅಥವಾ ಮಾರಿದವರ ಕ್ಲೌಡ್‌ಗೆ ಹೋಗುತ್ತದಾ? ಸೋರಿಕೆಯಾದರೆ ಪಾಸ್‌ವರ್ಡ್ ಬದಲಾಯಿಸಬಹುದು, ಅಂಗೈ ಆಗಲ್ಲ. 2023ರ ಡೇಟಾ ರಕ್ಷಣೆ ಕಾಯ್ದೆಗೆ ಹೊಂದುವ ಒಪ್ಪಿಗೆ ಪತ್ರ ಕನ್ನಡದಲ್ಲಿ ಇದ್ದರೆ ದಯವಿಟ್ಟು ಕಳಿಸಿ.