ಸುಶಿ ತಿನ್ನಬಹುದಾ? ಮೀನಿಗಿಂತ ಮೊದಲು ಅನ್ನದ ಬಗ್ಗೆ ಕೇಳಿ

ಪ್ರಶ್ನೆ: ಅಸ್ಸಲಾಮು ಅಲೈಕುಮ್ ಉಸ್ತಾದ್. ಮಕ್ಕಳು ಜಪಾನಿನ ತಿನಿಸು ಸುಶಿ ಬೇಕು ಅಂತ ಹಠ ಹಿಡಿದಿದ್ದಾರೆ. ಹಸಿ ಮೀನು ಅಂದರೇನೇ ನನಗೆ ಒಂಥರಾ ಆಗುತ್ತದೆ. ಅದನ್ನು ಝಬಹ್ ಮಾಡಿರುವುದಿಲ್ಲ, ಅಂದರೆ ಅಲ್ಲಾಹನ ಹೆಸರಲ್ಲಿ ಕೊಯ್ದಿರುವುದಿಲ್ಲ, ಬೇಯಿಸಿರುವುದೂ ಇಲ್ಲ. ಮನೆಯ ಹಿರಿಯರು ಹರಾಮ್ ಅಂತಾರೆ, ಗೆಳತಿಯರು ಮೀನು ತಾನೆ, ಸುಮ್ನೆ ತಿನ್ನಿ ಅಂತಾರೆ. ಯಾರ ಮಾತು ಸರಿ?

ಉತ್ತರ: ವಅಲೈಕುಮುಸ್ಸಲಾಮ್ ಸಹೋದರಿ. ನಾನು ಫಿಕ್ಹ್, ಅಂದರೆ ಇಸ್ಲಾಮಿನ ಧರ್ಮಶಾಸ್ತ್ರ ಕಲಿಸುತ್ತೇನೆ, ಹಲಾಲ್ ಪ್ರಮಾಣಪತ್ರ ಕೊಡುವ ಮೊದಲು ಅಡುಗೆಮನೆಗಳ ತಪಾಸಣೆಗೂ ಹೋಗುತ್ತೇನೆ. ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ.

ಹಸಿ ಅನ್ನುವ ಕಾರಣಕ್ಕೆ ಮೀನು ಹರಾಮ್ ಆಗುವುದಿಲ್ಲ. ಮೀನಿಗೆ ಝಬಹ್ ಬೇಕಾಗಿಯೂ ಇಲ್ಲ. ಕುರ್‌ಆನಿನ ಸೂರಃ ಅಲ್-ಮಾಇದಾದ 96ನೇ ವಚನ ಸಮುದ್ರದ ಬೇಟೆಯನ್ನೂ ಅದರ ಆಹಾರವನ್ನೂ ಹಲಾಲ್ ಮಾಡಿದೆ. ಸಮುದ್ರದ ನೀರು ಶುದ್ಧ, ಅದರಲ್ಲಿ ಸತ್ತದ್ದು ಹಲಾಲ್ ಅನ್ನುವ ಹದೀಸ್ (ಪ್ರವಾದಿಯವರ ಮಾತು) ಕೂಡ ಇದೆ. ಅಬೂ ಉಬೈದಾ ಅವರ ನೇತೃತ್ವದಲ್ಲಿ ಹೋಗಿದ್ದ ಸಹಾಬಿಗಳು, ಅಂದರೆ ಪ್ರವಾದಿಯವರ ಸಂಗಾತಿಗಳು, ಹಸಿದು ಕಂಗೆಟ್ಟಿದ್ದಾಗ ದಡಕ್ಕೆ ಬಿದ್ದಿದ್ದ ಅಂಬರ್ ಎಂಬ ದೊಡ್ಡ ಮೀನನ್ನು ದಿನಗಟ್ಟಲೆ ತಿಂದರು, ಮದೀನಾಗೆ ಬಂದ ಮೇಲೆ ಪ್ರವಾದಿಯವರೂ ಅದರ ಮಾಂಸ ತಿಂದರು ಅಂತ ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಬಂದಿದೆ. ಆದ್ದರಿಂದ ಸಾಲ್ಮನ್, ಟ್ಯೂನಾ ಹಾಕಿದ್ದರೆ ಆ ಮೀನಿನ ಬಗ್ಗೆ ನಿಶ್ಚಿಂತೆಯಾಗಿರಿ.

ನನಗೆ ಬೇಜಾರಾಗುವುದು ಏನೆಂದರೆ, ಎಲ್ಲರೂ ಮೀನಿನ ಬಗ್ಗೆಯೇ ಕೇಳುತ್ತಾರೆ, ಅನ್ನದ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಸುಶಿ ಅಂದರೆ ಮುಖ್ಯವಾಗಿ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿದ ಅನ್ನ. ಕೆಲವು ಬಾಣಸಿಗರು ಆ ಅನ್ನಕ್ಕೆ ಮಿರಿನ್ ಅಥವಾ ಸಾಕೆ ಕೂಡ ಸೇರಿಸುತ್ತಾರೆ. ಸಾಕೆ ಅಕ್ಕಿಯ ಮದ್ಯ ಅಂತ ತುಂಬ ಜನರಿಗೆ ಗೊತ್ತು. ಮಿರಿನ್ ಅಂದಾಗ ಮಾತ್ರ ಯಾವುದೋ ಸಿಹಿ ಸಾಸ್ ಅಂದುಕೊಂಡು ಬಿಟ್ಟುಬಿಡುತ್ತಾರೆ. ಅಸಲಿ ಮಿರಿನ್‌ನಲ್ಲಿ ಸುಮಾರು 14 ಶೇಕಡ ಮದ್ಯಸಾರ ಇರುತ್ತದೆ, ಜಪಾನಿನಲ್ಲಿ ಅದಕ್ಕೆ ಮದ್ಯದ ತೆರಿಗೆಯೇ ಬೀಳುತ್ತದೆ. ಜಾಸ್ತಿ ಕುಡಿದರೆ ಅಮಲೇರಿಸುವುದು ಸ್ವಲ್ಪವೂ ಹರಾಮ್ ಅಂತ ಹದೀಸ್ ಸ್ಪಷ್ಟವಾಗಿ ಹೇಳಿದೆ. ಒಂದೇ ಚಮಚ ತಾನೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಹಾಗಾಗಿ ಮೊದಲು ಕೇಳಬೇಕಾದದ್ದು 'ಅನ್ನಕ್ಕೆ ಏನು ಬೆರೆಸಿದ್ದೀರಿ' ಅಂತ. ಬರೀ ಅಕ್ಕಿಯ ವಿನೆಗರ್ ಆದರೆ ತೊಂದರೆ ಇಲ್ಲ. ಅದರಲ್ಲಿದ್ದ ಮದ್ಯಸಾರ ಹುಳಿಯಾಗಿ ಮಾರ್ಪಟ್ಟಿರುತ್ತದೆ, ವಿನೆಗರ್ ಒಳ್ಳೆಯ ವ್ಯಂಜನ ಅಂತ ಪ್ರವಾದಿಯವರೇ ಹೇಳಿದ್ದಾರೆ. ಆದರೆ ಸುಶಿಗೆ ಅಂತಲೇ ಬಾಟಲಿಯಲ್ಲಿ ಬರುವ ಸಿದ್ಧ ವಿನೆಗರ್‌ನಲ್ಲಿ ಮಿರಿನ್ ಸೇರಿರಬಹುದು. ಹಿಂಬದಿಯ ಪಟ್ಟಿ ಓದದೆ ತೆಗೆದುಕೊಳ್ಳಬೇಡಿ.

ಅದೇ ಪ್ರಶ್ನೆ ಸಾಸ್‌ಗಳಿಗೂ ಕೇಳಬೇಕು. ಈಲ್ ಮೀನಿನ ಮೇಲೆ ಸವರುವ ಕಪ್ಪು ಸಿಹಿ ಸಾಸ್‌ಗೆ ಸಾಮಾನ್ಯವಾಗಿ ಸೋಯಾ ಸಾಸ್ ಜೊತೆ ಮಿರಿನ್, ಸಾಕೆ ಬೀಳುತ್ತವೆ. ಸಿಹಿ ಆಮ್ಲೆಟ್ ಇಟ್ಟ ಸುಶಿ, ಕರಿದ ತೋಫು ಚೀಲದೊಳಗೆ ಅನ್ನ ತುಂಬಿದ ಸುಶಿ ನೋಡಲು ಏನೂ ಅಲ್ಲದಂತೆ ಕಾಣುತ್ತವೆ, ಆದರೆ ಮಿರಿನ್ ಬೀಳುವುದು ಹೆಚ್ಚಾಗಿ ಅಂಥವುಗಳಿಗೇ. ಕಿತ್ತಳೆ ಬಣ್ಣದ ಸಾಲ್ಮನ್ ಮೊಟ್ಟೆಯನ್ನೂ ಎಷ್ಟೋ ಕಡೆ ಸೋಯಾ ಸಾಸ್ ಮತ್ತು ಸಾಕೆಯಲ್ಲಿ ನೆನೆಸಿಡುತ್ತಾರೆ. ಮೊಟ್ಟೆ ಹಲಾಲ್, ನೆನೆಸಿದ ನೀರು ಅಲ್ಲ.

ಪ್ರಶ್ನೆ: ಉಸ್ತಾದ್, ಮಿರಿನ್ ಕುದಿಸಿದರೆ ಮದ್ಯಸಾರ ಆವಿಯಾಗಿ ಹೋಗುತ್ತದೆ ಅಲ್ವಾ? ಬಾಣಸಿಗರು ಹಾಗೇ ಹೇಳುತ್ತಾರೆ.

ಉತ್ತರ: ಪೂರ್ತಿ ಹೋಗುವುದಿಲ್ಲ ತಮ್ಮಾ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿ, ಕಲಕಿ 15 ನಿಮಿಷ ಬೇಯಿಸಿದ ಅಡುಗೆಯಲ್ಲಿ ಸುಮಾರು 40 ಶೇಕಡ ಮದ್ಯಸಾರ ಉಳಿದಿರುತ್ತದೆ, ಎರಡೂವರೆ ಗಂಟೆ ಬೇಯಿಸಿದರೂ 5 ಶೇಕಡ ಉಳಿಯುತ್ತದೆ. ಇನ್ನು ಪೂರ್ತಿ ಹೋಯಿತು ಅಂತಲೇ ಇಟ್ಟುಕೊಳ್ಳಿ, ಆಗಲೂ ಗೊತ್ತಿದ್ದೂ ಮದ್ಯವನ್ನು ಅಡುಗೆಗೆ ಸುರಿಯುವುದಕ್ಕೆ ಅನುಮತಿ ಇಲ್ಲ. ಸುನ್ನಿಗಳ ನಾಲ್ಕೂ ಮದ್‌ಹಬ್‌ಗಳ, ಅಂದರೆ ಧರ್ಮಶಾಸ್ತ್ರದ ಪಂಥಗಳ, ಹೆಚ್ಚಿನ ವಿದ್ವಾಂಸರು ಮದ್ಯವನ್ನು ನಜಸ್ (ಅಶುದ್ಧ) ಅಂತಲೇ ಪರಿಗಣಿಸುತ್ತಾರೆ, ಅದು ಸೇರಿದ ಆಹಾರವೂ ಕೆಡುತ್ತದೆ.

ಪ್ರಶ್ನೆ: ಹಾಗಾದರೆ ಸೋಯಾ ಸಾಸ್? ಅದರಲ್ಲೂ ಮದ್ಯಸಾರ ಇರುತ್ತದಂತೆ. ಈಗ ಭಯ ಆಗುತ್ತಿದೆ.

ಉತ್ತರ: ಭಯ ಬೇಡ, ಇದು ಬೇರೆ ವಿಷಯ. ಸೋಯಾ, ಗೋಧಿ, ಉಪ್ಪುನೀರು ಸೇರಿಸಿ ತಿಂಗಳುಗಟ್ಟಲೆ ಹುದುಗಿಸಿದಾಗ 2 ಶೇಕಡ ಆಸುಪಾಸು ಮದ್ಯಸಾರ ತಾನಾಗಿಯೇ ಹುಟ್ಟುತ್ತದೆ. ಯಾರೂ ಅದನ್ನು ಅಮಲಿಗಾಗಿ ತಯಾರಿಸುವುದಿಲ್ಲ, ಅಷ್ಟು ಉಪ್ಪಿರುವ ಸಾಸನ್ನು ಅಮಲೇರುವಷ್ಟು ಕುಡಿಯಲೂ ಆಗುವುದಿಲ್ಲ. ಇಂಡೋನೇಷ್ಯಾದ ಉಲಮಾ ಪರಿಷತ್ತು 2018ರ ಫತ್ವಾದಲ್ಲಿ ಮದ್ಯವಲ್ಲದ ಹುದುಗಿಸಿದ ಆಹಾರಕ್ಕೆ, ಹರಾಮ್ ವಸ್ತು ಬಳಸದೆ ಇದ್ದರೆ ಮತ್ತು ಆರೋಗ್ಯಕ್ಕೆ ಹಾನಿ ಇಲ್ಲದಿದ್ದರೆ, ಅನುಮತಿ ಕೊಟ್ಟಿದೆ. ನನ್ನ ಅಭಿಪ್ರಾಯವೂ ಅದೇ. ಕೆಲವು ತಯಾರಕರು ಕೆಡದಿರಲಿ ಅಂತ ಮದ್ಯಸಾರವನ್ನು ಹೊರಗಿನಿಂದ ಸೇರಿಸುತ್ತಾರೆ, ಅದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದೆ. ಹಲಾಲ್ ಮುದ್ರೆ ಇರುವ ಸೋಯಾ ಸಾಸ್ ಸಿಗುವಾಗ ಆ ಗೊಂದಲಕ್ಕೆ ಬೀಳುವುದು ಯಾಕೆ?

ಪ್ರಶ್ನೆ: ನಾವು ಹನಫಿಗಳು. ಆಕ್ಟೋಪಸ್, ಏಡಿ, ಸಿಗಡಿ ಹಾಕಿದ ಸುಶಿ ತಿನ್ನಬಹುದಾ? ನಮ್ಮ ಶಿಯಾ ಗೆಳೆಯ ಈಲ್ ಕೂಡ ತಿನ್ನುವುದಿಲ್ಲ, ಯಾಕೆ?

ಉತ್ತರ: ಹನಫಿಗಳಿಗೆ ಸಮುದ್ರದ ಜೀವಿಗಳಲ್ಲಿ ಮೀನು ಮಾತ್ರ ಹಲಾಲ್. ಆಕ್ಟೋಪಸ್, ಸ್ಕ್ವಿಡ್, ಏಡಿ, ಚಿಪ್ಪಿನ ಜೀವಿಗಳು ಬೇಡ. ಸಿಗಡಿ ಮೀನಿನ ಗುಂಪಿಗೆ ಸೇರುತ್ತದಾ ಅನ್ನುವುದರಲ್ಲಿ ನಿಮ್ಮ ವಿದ್ವಾಂಸರಲ್ಲೇ ಎರಡು ಮಾತಿದೆ, ಅನೇಕರು ತಿನ್ನಬಹುದು ಅಂತಾರೆ, ನೀವು ಅನುಸರಿಸುವ ಆಲಿಮ್ ಹೇಳಿದಂತೆ ಮಾಡಿ. ಈಲ್ ಮೀನೇ, ನಿಮಗೆ ಹಲಾಲ್. ಉಳಿದ ಮೂರು ಸುನ್ನಿ ಮದ್‌ಹಬ್‌ಗಳಾದ ಶಾಫಿ, ಮಾಲಿಕಿ, ಹಂಬಲಿಗಳಲ್ಲಿ ಅವಕಾಶ ಜಾಸ್ತಿ. ಆದರೂ ನೀರಲ್ಲೂ ನೆಲದಲ್ಲೂ ಬದುಕುವ ಏಡಿಯ ಬಗ್ಗೆ ಶಾಫಿಗಳಲ್ಲೇ ಒಮ್ಮತ ಇಲ್ಲ. ಜಅಫರಿ ಶಿಯಾಗಳು ಹುರುಪೆ ಇರುವ ಮೀನು ಮತ್ತು ಸಿಗಡಿಯನ್ನು ಮಾತ್ರ ತಿನ್ನುತ್ತಾರೆ. ಈಲ್ ಅನ್ನು ಅವರು ಹುರುಪೆ ಇಲ್ಲದ ಮೀನು ಅಂತ ಎಣಿಸುತ್ತಾರೆ, ನಿಮ್ಮ ಗೆಳೆಯ ತಮ್ಮ ನಿಯಮದಂತೆ ಸರಿಯಾಗಿಯೇ ಇದ್ದಾರೆ, ಒತ್ತಾಯ ಮಾಡಬೇಡಿ.

ಇನ್ನೊಂದು ಮಾತು. ಏಡಿ ಅಂತ ಬರುವ ಕೆಂಪು-ಬಿಳಿ ಕಡ್ಡಿಗಳು ಬಹುತೇಕ ಏಡಿಯೇ ಅಲ್ಲ, ಪೊಲಾಕ್‌ನಂಥ ಬಿಳಿ ಮೀನನ್ನು ಅರೆದು ಮಾಡಿದ ಮುದ್ದೆ. ಏಡಿ ಅಲ್ಲ ಅಂತ ಖುಷಿಪಡುವ ಮೊದಲು ಪಟ್ಟಿ ನೋಡಿ. ರುಚಿಗೆ ಏಡಿಯ ಸಾರ, ಮಿರಿನ್, ಬಣ್ಣಕ್ಕೆ ಕೀಟದಿಂದ ತೆಗೆದ ಕಾರ್ಮೈನ್ ಇರಬಹುದು.

ಪ್ರಶ್ನೆ: ನಮಸ್ಕಾರ ಸರ್, ನಾನು ಮುಸ್ಲಿಂ ಅಲ್ಲ. ಸಹೋದ್ಯೋಗಿಗಳನ್ನು ಊಟಕ್ಕೆ ಕರೆದಿದ್ದೇನೆ, ಸುಶಿ ನಾನೇ ಮಾಡುತ್ತೇನೆ. ಅವರು ಸಂಕೋಚಪಡದೆ ತಿನ್ನಬೇಕು. ಏನು ಮಾಡಲಿ?

ಉತ್ತರ: ನಮಸ್ಕಾರ. ನೀವು ಕೇಳಿದ್ದು ನನಗೆ ತುಂಬ ಸಂತೋಷ. ಅನ್ನಕ್ಕೆ ಅಕ್ಕಿಯ ವಿನೆಗರ್, ಸಕ್ಕರೆ, ಉಪ್ಪು ಸಾಕು, ಮಿರಿನ್ ಇಲ್ಲದಿದ್ದರೂ ರುಚಿಗೆ ಕೊರತೆ ಆಗುವುದಿಲ್ಲ. ಸಾಲ್ಮನ್, ಟ್ಯೂನಾ, ಸೌತೆಕಾಯಿ, ಬೆಣ್ಣೆಹಣ್ಣು ಇಡಿ, ಆಗ ಮದ್‌ಹಬ್ ಯಾವುದು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಕೋಳಿ, ದನದ ಮಾಂಸ ಹಾಕುವುದಾದರೆ ಅದು ಝಬಹ್ ಮಾಡಿದ್ದೇ ಆಗಬೇಕು. ಹಂದಿಮಾಂಸ ಕತ್ತರಿಸಿದ ಚಾಕು, ಮಣೆ ಬೇಡ, ಅದನ್ನು ಕರಿದ ಎಣ್ಣೆಯಲ್ಲಿ ಸಿಗಡಿ ಕರಿಯುವುದೂ ಬೇಡ. ಬಳಸಿದ ಬಾಟಲಿಗಳನ್ನು ಎಸೆಯದೆ ಹಾಗೇ ಇಡಿ. ಕೇಳಲು ಸಂಕೋಚಪಡುವವರು ತಾವೇ ಓದಿಕೊಳ್ಳುತ್ತಾರೆ.

ಪ್ರಶ್ನೆ: ಉಸ್ತಾದ್, ಮೊದಲು ಕೇಳಿದವಳು ನಾನೇ. ಹಲಾಲ್ ಅಂತಾಯಿತು, ಆದರೆ ಹಸಿ ಮೀನು ಮಕ್ಕಳಿಗೆ ಕೊಡಲು ಇನ್ನೂ ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ಒಪ್ಪದಿದ್ದರೆ ಕೊಡಬೇಡಿ ಸಹೋದರಿ. ದೇಹಕ್ಕೆ ಹಾನಿ ಮಾಡುವುದನ್ನು ತಿನ್ನಬಾರದು ಅನ್ನುವುದೂ ದೀನಿನ (ಧರ್ಮದ) ನಿಯಮವೇ. ಹಸಿ ಮೀನಿನಲ್ಲಿ ಅನಿಸಾಕಿಸ್ ಎಂಬ ಹುಳು ಇರಬಹುದು. ಅದಕ್ಕಾಗಿಯೇ ಅಮೆರಿಕದ ಆಹಾರ ನಿಯಮದಲ್ಲಿ ಹಸಿಯಾಗಿ ಬಡಿಸುವ ಹೆಚ್ಚಿನ ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಹೆಪ್ಪುಗಟ್ಟಿಸಿಡಬೇಕು ಅಂತಿದೆ. ಮನೆಯ ಫ್ರಿಜ್ಜಿನ ಮೇಲಿನ ಖಾನೆಯನ್ನು ನಂಬಬೇಡಿ, ಎಷ್ಟೋ ಫ್ರಿಜ್‌ಗಳು ಅಷ್ಟು ತಣ್ಣಗಾಗುವುದಿಲ್ಲ. ಗರ್ಭಿಣಿಯರು, ಚಿಕ್ಕ ಮಕ್ಕಳು ಹಸಿ ಮೀನು ತಿನ್ನದಿರುವುದೇ ಒಳ್ಳೆಯದು. ಬೇಯಿಸಿದ ಸಾಲ್ಮನ್ ಅಥವಾ ಬರೀ ತರಕಾರಿ ಸುತ್ತಿದರೂ ಅದು ಸುಶಿಯೇ, ಮಕ್ಕಳಿಗೆ ಅದೇ ಮಾಡಿಕೊಡಿ. ಕೊಂಡ ವಿನೆಗರ್ ಮತ್ತು ಸೋಯಾ ಸಾಸ್ ಬಾಟಲಿಗಳ ಹಿಂಬದಿಯ ಫೋಟೋ ಇಲ್ಲೇ ಹಾಕಿ, ಓದಿ ಹೇಳುತ್ತೇನೆ.