ಎರಡು ಮ್ಯಾಚ್ ಸೋತವರು ಚಾಂಪಿಯನ್ ಹೇಗೆ?

ಪ್ರಶ್ನೆ: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ 2024ರಲ್ಲಿ ಓಹಾಯೋ ಸ್ಟೇಟ್ ತಂಡ ಆರೆಗಾನ್ ಎದುರು ಒಂದೇ ಪಾಯಿಂಟ್‌ನಿಂದ ಸೋತಿತ್ತು. ನವೆಂಬರ್ 30ರಂದು ತನ್ನದೇ ಮೈದಾನದಲ್ಲಿ ಮಿಶಿಗನ್‌ಗೂ 10–13ರಿಂದ ಸೋತಿತು. ಅವತ್ತು ಸಿಟ್ಟಿನಲ್ಲಿ ಟಿವಿ ಆರಿಸಿದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ನೋಡಿದರೆ ಆ ಸೀಸನ್‌ನ ಚಾಂಪಿಯನ್ ಅವರೇ! ಹೇಗೆ?

ಉತ್ತರ 1: ಆ ಸೀಸನ್‌ನಿಂದ ಪ್ಲೇಆಫ್‌ಗೆ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ನಾಕೌಟ್ ಹಂತ) ನಾಲ್ಕರ ಬದಲು 12 ತಂಡಗಳು. ಅದಕ್ಕೇ ಎರಡು ಸೋತರೂ ಬಚಾವಾದರು.

ಉತ್ತರ 2: ಟಿವಿ ಆರಿಸಿ ತಪ್ಪು ಮಾಡಿದಿರಿ! ಪ್ಲೇಆಫ್‌ನಲ್ಲಿ ಮೊದಲು ಟೆನೆಸಿಯನ್ನು 42–17ರಿಂದ ಬಡಿದರು. ಆಮೇಲೆ ರೋಸ್ ಬೌಲ್ ಅನ್ನೋ ಕ್ವಾರ್ಟರ್‌ಫೈನಲ್‌ನಲ್ಲಿ ಅದೇ ಆರೆಗಾನ್. ಒಂದು ಹಂತದಲ್ಲಿ ಓಹಾಯೋ 34–0 ಮುಂದಿತ್ತು! ನಾನು ಸ್ಕೋರ್ ತಪ್ಪಾಗಿದೆ ಅಂದುಕೊಂಡೆ. ಕೊನೆಗೆ 41–21. ಮುಂದೆ ಸೆಮಿಫೈನಲ್‌ನಲ್ಲಿ ಟೆಕ್ಸಸ್‌ನ್ನು ಸೋಲಿಸಿದರು, ಫೈನಲ್‌ನಲ್ಲಿ ನೋಟರ್ ಡೇಮ್‌ನ್ನು 34–23ರಿಂದ.

ಪ್ರಶ್ನೆ ಕೇಳಿದವರು: ಸರಿ. ಆದರೂ ಮಿಶಿಗನ್ ಎದುರು ಅದು ನಮ್ಮ ಸತತ ನಾಲ್ಕನೇ ಸೋಲು ಅಲ್ವಾ? ಅದಿನ್ನೂ ಚುಚ್ಚುತ್ತಿದೆ.